ಕಾನ್‌ಸ್ಟಾಂಟಿಯಸ್ ಸರಿ, ಆದ್ರೆ ಯಾವ ಕಾನ್‌ಸ್ಟಾಂಟಿಯಸ್?

ಕೊನೆಗೂ ಗೊತ್ತಾಯ್ತು. ನಾನು ಮಣ್ಣು ಬಿಡಿಸ್ತಾ ಕೂತಿದ್ದ ಹಳೇ ರೋಮನ್ ಕಂಚಿನ ನಾಣ್ಯ ಗ್ಯಾಲಸ್‌ನದೇ!

ನೆನೆಹಾಕಿದ್ದು, ಬ್ರಷ್ ಹೊಡೆದದ್ದು, ನೀರು ಬದಲಿಸಿದ್ದು ಎಲ್ಲ ಮಾಮೂಲಿ, ಬಿಡಿ. ಹಿಂಬದಿ ಸುಲಭವಾಗೇ ತೆರೆದುಕೊಂಡಿತು. ಈಟಿ ಹಿಡಿದ ಸೈನಿಕ, ಕುಸಿದ ಕುದುರೆ, ಬೀಳ್ತಾ ಬೀಳ್ತಾ ಹಿಂದಕ್ಕೆ ತಿರುಗಿ ಕೈ ಚಾಚಿದ ಸವಾರ. ಸುತ್ತ ‘ಫೆಲ್ ಟೆಂಪ್ ರೆಪರಾಶಿಯೋ’, ಅಂದರೆ ‘ಸುಖದ ಕಾಲ ಮರಳಿತು’ ಅನ್ನೋ ಬರಹ. ಕ್ರಿ.ಶ. 348ರ ಸುಮಾರಿಗೆ ಶುರುವಾದ ಈ ಸರಣಿಯಲ್ಲಿ ಫೀನಿಕ್ಸ್ ಹಕ್ಕಿ, ಹಡಗು, ಗುಡಿಸಲು ಎಲ್ಲ ಬರುತ್ತವೆ. ಆದರೆ ಜಾಸ್ತಿ ಸಿಗೋದು ಈ ಸವಾರನೇ. ಆ ಕುದುರೆಯನ್ನು ಕಂಡಾಗಲೆಲ್ಲ ನನಗೆ ಪಾಪ ಅನಿಸುತ್ತದೆ. ಕೆಳಗೆ ‘ಎಸ್‌ಎಂಕೆ’, ಅಂದರೆ ಈಗಿನ ಟರ್ಕಿಯ ಮರ್ಮರಾ ತೀರದ ಸಿಝಿಕಸ್ ಟಂಕಸಾಲೆ.

ತಲೆನೋವೆಲ್ಲ ಮುಂಬದಿಯದು. ಕಾನ್‌ಸ್ಟಾಂಟಿಯಸ್ ಅನ್ನೋ ಹೆಸರು ಸ್ಪಷ್ಟವಾಗಿದೆ. ಆದರೆ ಈ ಸರಣಿಯಲ್ಲಿ ಆ ಹೆಸರಿನವರು ಇಬ್ಬರು. ಒಬ್ಬ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್. ಇನ್ನೊಬ್ಬ ಅವನ ಚಿಕ್ಕಪ್ಪನ ಮಗ ಗ್ಯಾಲಸ್. 351ರಲ್ಲಿ ಅವನನ್ನು ಸೀಸರ್, ಅಂದರೆ ಉಪಚಕ್ರವರ್ತಿ, ಮಾಡಿದವನೂ ಚಕ್ರವರ್ತಿಯೇ, 354ರಲ್ಲಿ ತಲೆ ತೆಗೆಸಿದವನೂ ಅವನೇ. ಬರಹದ ಕೊನೆ ಓದಿದರೆ ಜಗಳ ಮುಗೀತು. ಚಕ್ರವರ್ತಿಗೆ ‘ಆಗ್’ (ಆಗಸ್ಟಸ್, ಅಂದರೆ ಚಕ್ರವರ್ತಿ), ಗ್ಯಾಲಸ್‌ಗೆ ‘ನೋಬ್ ಕೇಸ್’ (ಶ್ರೇಷ್ಠ ಸೀಸರ್). ನನ್ನದರಲ್ಲಿ ಅಚ್ಚು ಓರೆಯಾಗಿ ಬಿದ್ದಿದೆ, ಆ ಅಕ್ಷರಗಳಿಗೆ ಜಾಗವೇ ಸಿಕ್ಕಿಲ್ಲ. ಉಳಿದದ್ದು ತಲೆಯೊಂದೇ. ಚಕ್ರವರ್ತಿಗೆ ಮುತ್ತಿನ ಪಟ್ಟಿ ಇರುತ್ತದೆ, ಕತ್ತಿನ ಹಿಂದೆ ಅದರ ಗಂಟು. ಸೀಸರ್‌ಗೆ ಬರಿದಲೆ. ನೆತ್ತಿಯಿಂದ ಕತ್ತಿನವರೆಗೆ, ಸರಿಯಾಗಿ ಅಲ್ಲೇ, ಕಲ್ಲಿನಂಥ ಹಕ್ಕಳೆ!

ಎಲೆಕ್ಟ್ರಾಲಿಸಿಸ್ ಮಾಡಿ, ಕರೆಂಟು ಹಾಯಿಸಿ ಹಕ್ಕಳೆ ಬಿಡಿಸಿ ಅಂತ ಹೇಳಿದವರಿದ್ದಾರೆ. ಮಾಡಲ್ಲ. ಕೂದಲ ಗೆರೆಗಳು ಉಳಿದಿರೋದೇ ಕಂಚಿನ ಮೇಲೆ ಕಾಲಾಂತರದಲ್ಲಿ ಕಟ್ಟಿದ ಹಸಿರು ಪದರದಲ್ಲಿ. ಅದು ಕಿತ್ತು ಬಂದರೆ ಗ್ಯಾಲಸ್ಸೂ ಇಲ್ಲ, ಕಾನ್‌ಸ್ಟಾಂಟಿಯಸ್ಸೂ ಇಲ್ಲ.

ಇದರ ನಡುವೆ ನೀರಿನ ಕಾಟ ಬೇರೆ. ನಾಣ್ಯ ನೆನೆಸೋಕೆ ಡಿಸ್ಟಿಲ್ಡ್ ವಾಟರ್ ಅಂತ ಅಂಗಡಿಯವರು ಕೊಟ್ಟ ಕ್ಯಾನ್‌ನಿಂದ ಒಂದು ಹನಿ ಗಾಜಿನ ಮೇಲೆ ಒಣಗಿಸಿದೆ, ಬೆಳ್ಳಗೆ ಉಂಗುರ ಉಳಿಯಿತು, ಅಂದರೆ ನೀರಲ್ಲಿ ಲವಣ ಇದೆ. ಅಂಥ ಲವಣದ ಕ್ಲೋರೈಡ್ ನಾಣ್ಯದ ಒಳಗೆ ಸೇರಿಕೊಂಡರೆ ಕಂಚಿನ ರೋಗ ಅಂಟುತ್ತದೆ, ಆಮೇಲೆ ತಿಳಿ ಹಸಿರು ಪುಡಿ ಉದುರಿಸಿಕೊಂಡು ಕೂರಬೇಕು. ದುಡ್ಡು ತಗೊಂಡ ಮೇಲೆ ಸರಿಯಾದ ನೀರು ಕೊಡಬೇಕಲ್ವಾ?

ಕೊನೆಗೆ ಕೆಲಸಕ್ಕೆ ಬಂದದ್ದು ಮೈಕ್ರೋಸ್ಕೋಪ್ ಮತ್ತು ಸೂಜಿ. ಚುಚ್ಚದೆ, ಸೂಜಿಯನ್ನು ಮಲಗಿಸಿ, ಹಕ್ಕಳೆಯ ಅಂಚನ್ನು ಮಾತ್ರ ಒತ್ತುತ್ತಾ ಹೋದೆ. ಕತ್ತಿನ ಹತ್ತಿರ ಒಂದು ಚೂರು ಟಪ್ ಅಂತ ಹಾರಿತು. ಅದರಡಿ ಕೆಳಕ್ಕೆ ಬಾಚಿದ ಕೂದಲು, ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ಅದರ ಕೆಳಗೆ ನುಣುಪಾದ ಕತ್ತು. ಗಂಟಿಲ್ಲ, ಇಳಿಬಿದ್ದ ಪಟ್ಟಿಯ ತುದಿಗಳಿಲ್ಲ. ಆಮೇಲೆ ನೆತ್ತಿಯನ್ನೂ ಬಿಡಿಸಿದೆ. ಒಂದು ಮುತ್ತೂ ಇಲ್ಲ. ಎಷ್ಟು ಚೆಂದದ ತಲೆ ಕೆತ್ತಿದ್ದಾನೆ ಆ ಕೆಲಸಗಾರ!

ಮುಂದಿನದು ಈಗಲೇ ತಲೆಯಲ್ಲಿದೆ. ಇಂಥ ರೋಮನ್ ಕಂಚಿನ ನಾಣ್ಯಗಳು ಶ್ರೀಲಂಕಾದಲ್ಲಿ ರಾಶಿ ರಾಶಿ ಸಿಕ್ಕಿವೆ. ಅವನ್ನು ನೋಡಿ ಅಲ್ಲೇ ಹೊಡೆದ ನಕಲುಗಳೂ ಇವೆ. ಮ್ಯೂಸಿಯಂ ಫೋಟೋಗಳನ್ನು ಗುಡ್ಡೆ ಹಾಕಿಕೊಂಡು, ನಕಲು ಮಾಡಿದವರು ರೋಮನ್ ಚಿತ್ರಗಳಲ್ಲಿ ಏನು ಉಳಿಸಿಕೊಂಡರು, ಏನು ಬಿಟ್ಟರು ಅಂತ ನೋಡಬೇಕು. ಅಷ್ಟರೊಳಗೆ ಇದನ್ನು ಪೂರ್ತಿ ಒಣಗಿಸಿ ಮೇಣ ಹಚ್ಚುತ್ತೇನೆ. ಹಿಂಬದಿಯಲ್ಲಿ ಕುದುರೆಯ ಕಾಲಡಿ ಇನ್ನೂ ಸ್ವಲ್ಪ ಮಣ್ಣಿದೆ, ಅಲ್ಲೊಂದು ಬಿದ್ದ ಗುರಾಣಿ ಇರಬೇಕು.