ಟ್ಯಾಂಗ್ರಾದ ಊಟ, ಟಿರೆಟ್ಟಾ ಬಜಾರಿನ ತಿಂಡಿ

ಕೋಲ್ಕತ್ತಕ್ಕೆ ಹೋಗುವವರಿಗೆ ನಾನು ಹೇಳುವುದು ಒಂದೇ ಮಾತು. ರಸಗುಲ್ಲಾ, ಮೀನಿನ ಸಾರು ಎಲ್ಲ ತಿನ್ನಿ, ಆದರೆ ಒಂದು ಸಂಜೆಯನ್ನು ಟ್ಯಾಂಗ್ರಾಕ್ಕೆ ಎತ್ತಿಡಿ. ನಗರದ ಪೂರ್ವಕ್ಕೆ, ಸೈನ್ಸ್ ಸಿಟಿಗೆ ಹತ್ತಿರದಲ್ಲೇ ಇದೆ. ಟ್ಯಾಕ್ಸಿಯವರಿಗೆ ‘ಚೈನಾ ಟೌನ್’ ಅಂದರೆ ಸಾಕು.

ಅಕ್ಕ, ಭಾವ ಮತ್ತು ನಾನು ಕತ್ತಲಾಗುವ ಹೊತ್ತಿಗೆ ಅಲ್ಲಿಗೆ ಹೋದೆವು. ಕಿರಿದಾದ ಓಣಿಗಳು, ಎರಡೂ ಕಡೆ ಎತ್ತರದ ಗೋಡೆ, ದೊಡ್ಡ ದೊಡ್ಡ ಕಬ್ಬಿಣದ ಗೇಟು. ಊಟದ ಜಾಗಕ್ಕೆ ಇಷ್ಟು ದೊಡ್ಡ ಗೋಡೆ ಯಾಕೆ ಅನಿಸುತ್ತದೆ, ಅಲ್ವಾ? ಇಲ್ಲಿ ಮೊದಲು ಇದ್ದದ್ದು ಚರ್ಮ ಹದ ಮಾಡುವ ಕಾರ್ಖಾನೆಗಳು. ಮೇಲ್ಜಾತಿಯವರು ಮುಟ್ಟದ ಆ ಕೆಲಸವನ್ನು ಹಕ್ಕಾ ಸಮುದಾಯದ ಚೀನೀಯರು ಹಿಡಿದು ಬದುಕು ಕಟ್ಟಿಕೊಂಡಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಕಾರ್ಖಾನೆಗಳು ಊರಾಚೆಯ ಬಂತಲಾಕ್ಕೆ ಹೋಗಬೇಕಾಯಿತು. ಎಷ್ಟೋ ಕುಟುಂಬಗಳಿಗೆ ಕೈ ಹಿಡಿದದ್ದು ಅಡುಗೆ.

ಓಣಿಯ ಒಳಗಿನ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಭಾವ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಕ್ಯಾಶ್ ಕೌಂಟರಿನಲ್ಲಿದ್ದ ವಯಸ್ಸಾದ ಚೀನೀ ಹೆಂಗಸು ಅದನ್ನು ಕೇಳಿಸಿಕೊಂಡು ತಾವೇ ಎದ್ದು ಬಂದರು. ಹಿಂದಿಯಲ್ಲೇ ಎಲ್ಲ ಬಿಡಿಸಿ ಹೇಳಿದರು. ತಮ್ಮಲ್ಲಿ ಹಕ್ಕಾ ನೂಡಲ್ಸಿನ ಹಿಟ್ಟಿಗೇ ಮೊಟ್ಟೆ ಸೇರುತ್ತದೆ, ಅದು ಬೇಡ, ಅಕ್ಕಿಯ ನೂಡಲ್ಸ್ ಮಾಡಿಸುತ್ತೇನೆ ಎಂದರು. ಸೊಪ್ಪಿನ ಪಲ್ಯಕ್ಕೆ ಸಾಮಾನ್ಯವಾಗಿ ಆಯ್ಸ್ಟರ್ ಸಾಸ್ ಬೀಳುತ್ತದೆ, ಅದು ಕಡಲ ಚಿಪ್ಪಿನದು, ಅದನ್ನು ಬಿಟ್ಟು ಬರೀ ಬೆಳ್ಳುಳ್ಳಿಯಲ್ಲಿ ಹುರಿಸುತ್ತೇನೆ ಎಂದರು. ಬಾಣಲೆಯನ್ನೂ ತೊಳೆಸಿಯೇ ಇಡಿಸಿದರು. ದುಬಾರಿ ಹೋಟೆಲುಗಳಲ್ಲೂ ‘ವೆಜ್’ ಅಂದರೆ ಮಾಂಸದ ತುಂಡು ತೆಗೆದು ಕೊಡುವವರನ್ನು ನೋಡಿದ್ದೇನೆ. ಕೇಳದೆಯೇ ಸಾಸಿನ ವಿಷಯ ಹೇಳಿದವರು ನನಗೆ ಸಿಕ್ಕಿದ್ದು ಇಲ್ಲೇ. ಒಳ್ಳೆ ಸರ್ವಿಸ್ ಅಂದರೆ ನನ್ನ ಮಟ್ಟಿಗೆ ಇದು.

ನಾವು ಹೇಳಿದ್ದರಲ್ಲಿ ಎರಡು ಐಟಂ ಅವರೇ ಹೊಡೆದುಹಾಕಿದರು. ‘ಜಾಸ್ತಿ ಆಗುತ್ತದೆ, ಮೊದಲು ಇಷ್ಟು ತಿನ್ನಿ’ ಅಂದರು. ನಿಜ, ಟ್ಯಾಂಗ್ರಾದ ಪ್ಲೇಟುಗಳು ದೊಡ್ಡವು.

ಮೊದಲು ಬಂದದ್ದು ಉಪ್ಪು-ಮೆಣಸಿನ ಸಿಗಡಿ. ಮೇಲೆ ತೆಳ್ಳಗಿನ ಗರಿಗರಿ ಪದರ, ಒಳಗೆ ಮೆತ್ತಗೆ, ಎಣ್ಣೆ ಕೈಗೆ ಅಂಟುವುದಿಲ್ಲ. ಶುಂಠಿ, ಈರುಳ್ಳಿ ಸೊಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ ಭೆಟ್ಕಿ ಮೀನು ಇನ್ನೂ ಚೆನ್ನಾಗಿತ್ತು. ಖಾರವೇ ಇಲ್ಲ, ಮೀನಿನದೇ ರುಚಿ. ಚಿಲ್ಲಿ ಚಿಕನ್ ನಮ್ಮ ಕಡೆಯದರಂತೆ ಕೆಂಪಗಿರಲಿಲ್ಲ. ಸೋಯಾ ಸಾಸಿನ ಕಂದು ಬಣ್ಣ, ಹಸಿಮೆಣಸಿನಕಾಯಿಯ ನೇರ ಖಾರ. ಭಾವನ ಸೊಪ್ಪು ಗರಿಗರಿಯಾಗಿ, ಹಸಿರು ಮಾಸದೆ ಬಂತು. ಅಕ್ಕ ಅದನ್ನೇ ಜಾಸ್ತಿ ತಿಂದಳು.

ತಿನ್ನುತ್ತಾ ನಮ್ಮ ಗೋಬಿ ಮಂಚೂರಿಯ ಮಾತು ಬಂತು. ಮಂಚೂರಿಯನ್ ಹುಟ್ಟಿದ್ದು 1975ರಲ್ಲಿ, ಮುಂಬೈನ ಕ್ರಿಕೆಟ್ ಕ್ಲಬ್ಬಿನಲ್ಲಿ, ಕೋಲ್ಕತ್ತದಲ್ಲೇ ಹುಟ್ಟಿದ ಬಾಣಸಿಗ ನೆಲ್ಸನ್ ವಾಂಗ್ ಅವರ ಕೈಯಲ್ಲಿ ಎನ್ನುತ್ತಾರೆ. ಕರ್ನಾಟಕದ ಬೀದಿಗಾಡಿಗಳಿಗೆ ಬರುವ ಹೊತ್ತಿಗೆ ಅದಕ್ಕೆ ಕಡುಕೆಂಪು ಬಣ್ಣ ಬಂದಿತ್ತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆ ಕೃತಕ ಬಣ್ಣಗಳನ್ನು ನಿಷೇಧಿಸಿದ್ದು ಸರಿಯೇ. ರುಚಿಗೆ ಬಣ್ಣ ಬೇಕಿಲ್ಲ ಎನ್ನುವುದಕ್ಕೆ ಟ್ಯಾಂಗ್ರಾದ ಈ ತಟ್ಟೆಗಳೇ ಸಾಕ್ಷಿ.

ಎಲ್ಲ ಕಡೆ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಮರುದಿನ ಹೋದ, ದೀಪಗಳು ಝಗಮಗಿಸುವ ಇನ್ನೊಂದು ದೊಡ್ಡ ಹೋಟೆಲಿನಲ್ಲಿ ಸೂಪ್ ಆರಿಹೋಗಿತ್ತು. ನೂಡಲ್ಸ್ ಬರುವಷ್ಟರಲ್ಲಿ ಉಳಿದದ್ದೆಲ್ಲ ತಿಂದು ಮುಗಿದಿತ್ತು. ಬಿಲ್ಲಿನಲ್ಲಿ ಮಾತ್ರ ಸರ್ವಿಸ್ ಚಾರ್ಜ್ ತಪ್ಪದೆ ಕೂತಿತ್ತು. ಹಾಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಕೇಳಿದ ಮೇಲೆ ತೆಗೆದರು. ಸಂಕೋಚ ಪಡದೆ ನೀವೂ ಕೇಳಿ.

ಟ್ಯಾಂಗ್ರಾದಲ್ಲಿ ಒಂದು ಚೈನೀಸ್ ಕಾಳಿ ಮಂದಿರವಿದೆ. ಅಲ್ಲಿ ದೇವಿಗೆ ನೂಡಲ್ಸ್ ನೈವೇದ್ಯ. ಇಂಥ ಚೀನೀ ಮೂಲದವರನ್ನೇ 1962ರ ಯುದ್ಧದ ಹೊತ್ತಿಗೆ ಅನುಮಾನದಿಂದ ನೋಡಿ, ಬಹಳ ಜನರನ್ನು ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದ್ದರು. ಆಮೇಲೆ ಎಷ್ಟೋ ಕುಟುಂಬಗಳು ಕೆನಡಾ ಕಡೆಗೆ ಹೊರಟುಹೋದವು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಉಳಿದವರು ಕಡಿಮೆ.

ಭಾನುವಾರ ಬೆಳಿಗ್ಗೆ ಹಳೆಯ ಚೀನೀ ಕೇರಿಯಾದ ಟಿರೆಟ್ಟಾ ಬಜಾರಿಗೆ ಹೋಗಿ. ಪೋದ್ದಾರ್ ಕೋರ್ಟ್ ಪಕ್ಕದ ಬೀದಿಯಲ್ಲಿ ಹಬೆಯಾಡುವ ಮೋಮೊ, ಹಂದಿಮಾಂಸ ತುಂಬಿದ ಬನ್ನು, ಮೀನುಂಡೆ ಸೂಪು. ಇಲ್ಲಿ ಸರ್ವಿಸ್ ಗಿರ್ವಿಸ್ ಏನೂ ಇಲ್ಲ. ನಿಂತುಕೊಂಡೇ ತಿನ್ನಬೇಕು, ಚಿಲ್ಲರೆ ಇಟ್ಟುಕೊಂಡಿರಬೇಕು. ಸಸ್ಯಾಹಾರಿಗಳಿಗೆ ಸಿಗುವುದು ಬಹಳ ಕಡಿಮೆ. ಭಾವ ಚಹಾ ಕುಡಿದು, ಸುತ್ತಲಿನ ಹಳೆ ಚೀನೀ ದೇವಸ್ಥಾನಗಳನ್ನು ನೋಡಿಕೊಂಡು ಬಂದರು. ಆರೂವರೆಗೆ ಅಲ್ಲಿರಿ. ಎಂಟು ಕಳೆದರೆ ಪಾತ್ರೆ ಖಾಲಿ. ಹತ್ತಿರದ ಪೌ ಚಾಂಗ್ ಅಂಗಡಿಯಲ್ಲಿ ಹಸಿಮೆಣಸಿನಕಾಯಿ ಸಾಸ್ ಸಿಗುತ್ತದೆ. ಕೊಳ್ಳುವುದಾದರೆ ಬಾಟಲಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಸುತ್ತಿ.