ಕಲ್ಲಿನ ಜೊತೆ ಚೀಟಿ ಇದೆಯಾ?

ನಾನೀಗ ಇರೋದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ. ಕೋಲಾರದ ಕಡೆಯವರಿಗೆ ಈ ಹೆಸರು ಹೊಸದಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ನಲ್ಲಿ ಚಿನ್ನ ತೆಗೆಯತೊಡಗಿದಾಗ, ಗಣಿ ಇಳಿಯಲು ಇಲ್ಲಿನವರೂ ಬಂದಿದ್ದರು. ಇಲ್ಲಿ ತಾಮ್ರದ ಗಣಿಗಳು ಸೊರಗಿದ್ದ ಕಾಲ ಅದು.

ಆ ಗಣಿಗಳ ಅದಿರು ಎಂದೋ ಕರಗಿ ಹೋಯಿತು. ಉಳಿದದ್ದು ಅದಿರಿನ ಜೊತೆ ಸಿಕ್ಕ ಖನಿಜದ ಹರಳುಗಳು. ಅವನ್ನು ಕೂಡಿಡುವ ಹುಚ್ಚು ಇಲ್ಲಿ ಜೋರು.

ಹರಳುಗಳ ಸಂತೆಯೊಂದರಲ್ಲಿ ಒಬ್ಬ ಹಿರಿಯರು ಪುಟ್ಟ ರಟ್ಟಿನ ಡಬ್ಬಿ ತೆರೆದರು. ಒಳಗೆ ಹೆಬ್ಬೆರಳ ಉಗುರಿನಷ್ಟು ಕಲ್ಲು, ಮೇಲೆ ಆಕಾಶನೀಲಿ ಹರಳುಗಳು. ಅದು ಲಿರೊಕೊನೈಟ್ ಎಂಬ ತಾಮ್ರದ ಖನಿಜ. ವೀಲ್ ಗಾರ್ಲೆಂಡ್ ಎಂಬ ಗಣಿಯದು. ಜಗತ್ತಿನ ಅತ್ಯುತ್ತಮ ಲಿರೊಕೊನೈಟ್ ಸಿಕ್ಕಿದ್ದು ಅಲ್ಲೇ. ನಾನು ಕಲ್ಲಿಗೆ ಕೈ ಚಾಚಿದರೆ ಅವರು ಮೊದಲು ಕೊಟ್ಟಿದ್ದು ಅದರಡಿ ಮಡಚಿಟ್ಟಿದ್ದ ಚೀಟಿಗಳನ್ನು! ಒಬ್ಬೊಬ್ಬ ಹಳೆಯ ಮಾಲೀಕರದು ಒಂದೊಂದು. ಎಲ್ಲಕ್ಕಿಂತ ಹಳೆಯದರಲ್ಲಿ ಕಂದಿದ ಶಾಯಿ, ಒಂದು ನಂಬರು. ಕಲ್ಲನ್ನು ತಿರುವಿದರೆ ತಳದಲ್ಲಿ ಅದೇ ನಂಬರು, ಸಣ್ಣ ಬಿಳಿ ಪಟ್ಟಿಯ ಮೇಲೆ. ಕಲ್ಲು ಕೊಟ್ಟ ಮೇಲೆ ಅವರು ಕೈ ತೊಳೆಯಲು ಹೇಳಿದ್ದನ್ನೂ ಬರೆಯಲೇಬೇಕು, ಅದರಲ್ಲಿ ಆರ್ಸೆನಿಕ್ ಇದೆ.

ಚೀಟಿಗೆ ಯಾಕಿಷ್ಟು ಮರ್ಯಾದೆ ಅಂದ್ರೆ, ಗಣಿ ಮುಚ್ಚಿದ ಮೇಲೆ ಕಲ್ಲು ಎಲ್ಲಿಯದು ಅಂತ ಹೇಳೋರು ಬೇರೆ ಯಾರಿದ್ದಾರೆ? ನೋಡೋಕೆ ಚೆಂದ ಇರುವ ಹರಳು ಎಲ್ಲಾದರೂ ಸಿಕ್ಕೀತು. ಊರು, ಗಣಿ, ಕೈ ಬದಲಾದ ದಾರಿ ಗೊತ್ತಿರುವ ಹರಳು ಸಿಗೋದು ಕಷ್ಟ. ಹಳೇ ಚೀಟಿಗೆ ಬೇರೆ ಕಲ್ಲು ಜೋಡಿಸಿ ಮಾರುವ ಭೂಪರೂ ಇದ್ದಾರೆ. ಅದಕ್ಕೇ ನಂಬರು ತಾಳೆ ನೋಡೋದು.

ಈ ಹರಳುಗಳು ಉಳಿದಿದ್ದೂ ಶ್ರೀಮಂತರ ಶೋಕಿಯಿಂದಲೇ. ಫಿಲಿಪ್ ರ‍್ಯಾಶ್ಲೀ (1729–1811) ಎಂಬ ಜಮೀನುದಾರ ಕಾರ್ನ್‌ವಾಲ್‌ನ ಗಣಿಗಳ ಹರಳುಗಳನ್ನು ಕೂಡಿಟ್ಟ. ಅವುಗಳ ಚಿತ್ರ ಬರೆಸಿ 1797 ಮತ್ತು 1802ರಲ್ಲಿ ಪುಸ್ತಕವನ್ನೂ ತಂದ. ಅವನ ಸಂಗ್ರಹ ಈಗ ಟ್ರೂರೋ ಮ್ಯೂಸಿಯಂನಲ್ಲಿದೆ. ಹಣವಂತರ ಹವ್ಯಾಸ ಅಂತ ಮೂಗು ಮುರಿಯಬಹುದು, ಆದರೆ ಕೊಳ್ಳುವವರು ಇಲ್ಲದಿದ್ದರೆ ಅವೆಲ್ಲ ಅದಿರಿನ ಜೊತೆ ಕುಲುಮೆಗೆ ಹೋಗುತ್ತಿದ್ದವು.

ಇಲ್ಲಿನ ಸೌತ್ ಕ್ರಾಫ್ಟಿ ತವರದ ಗಣಿ 1998ರಲ್ಲಿ ಮುಚ್ಚಿತು. ನಮ್ಮ ಕೆಜಿಎಫ್ 2001ರಲ್ಲಿ. ಚಿನ್ನದ ಮಾತು ಬಿಡಿ, ನಿಮ್ಮ ಮನೆಯ ಶೋಕೇಸಿನಲ್ಲಿ ತಾತ ಇಟ್ಟ ಬೆಣಚುಕಲ್ಲೇನಾದರೂ ಇದ್ದರೆ, ಯಾವ ಶಾಫ್ಟಿನದು, ಯಾವ ವರ್ಷದ್ದು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿ ಬರೆದಿಡಿ. ಬಾಲ್‌ಪೆನ್ ಬೇಡ, ಪೆನ್ಸಿಲ್ ಆದರೆ ಶಾಯಿ ಹರಡುವ ಭಯ ಇಲ್ಲ.