ಆರನೇ ದಿನದ ಹೊಲಿಗೆ

ಸಿಸೇರಿಯನ್ ಆಗಿ ಆರನೇ ದಿನ. ಬಾಣಂತಿ ಮನೆಗೆ ಬಂದಾಗಿದೆ, ಹಂಡೆಯಲ್ಲಿ ನೀರು ಕಾಯುತ್ತಿದೆ, ಅಜ್ಜಿ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಾರೆ. ಸ್ನಾನವೇ ಬೇಡ ಅಂತ ಅವರನ್ನು ತಡೆಯಬೇಕಾಗಿಲ್ಲ. 48 ಗಂಟೆ ಕಳೆಯುವಷ್ಟರಲ್ಲಿ ಗಾಯದ ಅಂಚು ಅಂಟಿಕೊಂಡಿರುತ್ತದೆ. ಡಾಕ್ಟರು ಒಪ್ಪಿದ್ದರೆ ಉಗುರುಬೆಚ್ಚನೆಯ ನೀರು ಅದರ ಮೇಲೆ ಹರಿದುಹೋಗಬಹುದು. ತಲೆಗೆ, ಬೆನ್ನಿಗೆ, ಕಾಲಿಗೆ ಎಣ್ಣೆ ಹಚ್ಚಲಿ. ಹೊಟ್ಟೆ ತಿಕ್ಕುವುದು, ಚೊಂಬಿನಿಂದ ಸುಡುನೀರು ಎರಚುವುದು ಮಾತ್ರ ಬೇಡ. ಹೊಲಿಗೆಯ ಸುತ್ತಲ ಚರ್ಮಕ್ಕೆ ಕೆಲವು ತಿಂಗಳು ಸ್ಪರ್ಶ ಮಂದವಾಗಿರುತ್ತದೆ. ಸುಟ್ಟರೂ ಬಾಣಂತಿಗೆ ಗೊತ್ತಾಗದೇ ಹೋಗಬಹುದು.

ನಿಜವಾದ ಕೆಲಸ ಇರುವುದು ಸ್ನಾನದ ನಂತರ. ಹೆರಿಗೆಯಾದ ಮೇಲೆ ಹೊಟ್ಟೆ ಜೋತು, ಗಾಯದ ಮೇಲೆ ಮಡಿಕೆ ಬೀಳುತ್ತದೆ. ಮಡಿಕೆಯೊಳಗೆ ಬೆವರು ನಿಂತು ಚರ್ಮ ಬೆಳ್ಳಗೆ ಮೆದುವಾದರೆ ಹೊಲಿಗೆಯ ಅಂಚು ಬಿಡಲು ಶುರು. ಹಾಗಾಗಿ ಬಾಣಂತಿಯನ್ನು ಮಲಗಿಸಿ, ಸೋಪು ಹಾಕಿ ಕೈ ತೊಳೆದು, ಒಂದು ಕೈಯಲ್ಲಿ ಮಡಿಕೆ ಮೇಲೆತ್ತಿ, ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಬೇಕು. ಉಜ್ಜಬಾರದು. ಆಮೇಲೆ ಹತ್ತು ನಿಮಿಷ ಹಾಗೇ ಗಾಳಿಗೆ ಬಿಡಬೇಕು. ದಿನಕ್ಕೆ ಎರಡು ಸಲ, ಬೇಸಿಗೆಯಾದರೆ ಮೂರು ಸಲ. ಅರಿಶಿನ, ಪೌಡರ್, ವಿಭೂತಿ ಯಾವುದೂ ಬೇಡ. ಪುಡಿ ತೇವದ ಜೊತೆ ಸೇರಿ ಹೆಪ್ಪುಗಟ್ಟಿ ಗಾಯದಲ್ಲೇ ಕೂರುತ್ತದೆ. ಒಣಗಿಬರುತ್ತಿರುವ ಗಾಯಕ್ಕೆ ದಿನಾ ಸ್ಪಿರಿಟ್ ಹಚ್ಚುವುದೂ ತಪ್ಪು. ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನೇ ಅದು ಸುಡುತ್ತದೆ.

ಡ್ರೆಸಿಂಗ್ ಬದಲಿಸಲು ಹೇಳಿದ್ದರೆ ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಸ್ಟೆರೈಲ್ ಗಾಜ್, ಅಂದರೆ ಕ್ರಿಮಿ ಇಲ್ಲದಂತೆ ಮಾಡಿದ ತೆಳು ಜಾಳು ಬಟ್ಟೆ, ಬಳಸಿ. ಹಳೆಯ ಗಾಜ್ ಅಂಟಿದ್ದರೆ ಕಿತ್ತು ತೆಗೆಯದೆ, ಔಷಧಿ ಅಂಗಡಿಯಲ್ಲಿ ಸಿಗುವ ನಾರ್ಮಲ್ ಸಲೈನ್ (ಶುದ್ಧ ಉಪ್ಪುನೀರು) ಹಾಕಿ ನೆನೆಸಿ ಐದು ನಿಮಿಷ ಕಾಯಿರಿ. ಪ್ಲಾಸ್ಟರನ್ನು ಮೇಲಕ್ಕೆ ಎಳೆಯದೆ ಚರ್ಮಕ್ಕೆ ಸಮಾನಾಂತರವಾಗಿ ಸುಲಿಯಿರಿ. ಅಂಟಿಸುವಾಗ ಬಿಗಿದು ಎಳೆದರೆ ಅದರಡಿ ಬೊಬ್ಬೆ ಏಳುತ್ತದೆ.

ಹೊಟ್ಟೆ ಕಟ್ಟುವ ವಿಚಾರದಲ್ಲಿ ಅಜ್ಜಿಯರ ಜೊತೆ ಜಗಳ ಬೇಡ. ಮೆತ್ತನೆಯ ಆಸರೆ ಏಳುವಾಗ ಕೂರುವಾಗ ನೋವು ತಗ್ಗಿಸುತ್ತದೆ. ಆದರೆ ಹಳೇ ಸೀರೆಯನ್ನು ಉಸಿರು ಕಟ್ಟುವಂತೆ ಬಿಗಿದರೆ ಅದರಡಿ ಬೆವರು, ಬೆವರಿನಡಿ ಮತ್ತದೇ ತೇವ. ಮಲಗುವಾಗ ಬಿಚ್ಚಲೇಬೇಕು. ಕೆಮ್ಮು ಬಂದರೆ ಒಂದು ದಿಂಬನ್ನು ಹೊಟ್ಟೆಗೆ ಅವುಚಿ ಹಿಡಿದರೆ ಸಾಕು.

ಕಣ್ಣಿಡಬೇಕಾದ ದಿನಗಳು ಇವೇ, ಏಕೆಂದರೆ ಸೋಂಕು ಸಾಮಾನ್ಯವಾಗಿ ಮನೆಗೆ ಬಂದ ಮೇಲೆ ತಲೆ ಎತ್ತುತ್ತದೆ. ದಿನಾ ಒಂದೇ ಬೆಳಕಲ್ಲಿ ಮೊಬೈಲಿನಿಂದ ಒಂದು ಫೋಟೋ ತೆಗೆದರೆ ಕೆಂಪು ಹರಡುತ್ತಿದೆಯೋ ಇಳಿಯುತ್ತಿದೆಯೋ ಸ್ಪಷ್ಟವಾಗಿ ಕಾಣುತ್ತದೆ. ಗಾಜ್ ಮೇಲೆ ಒಂದೆರಡು ತಿಳಿಹಳದಿ ಕಲೆ ಇದ್ದರೆ ಗಾಬರಿಯಿಲ್ಲ. ಕೀವು, ವಾಸನೆ, ಇಳಿಯುವ ಬದಲು ಏರುವ ನೋವು, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ. ಗಾಯ ಬಾಯಿಬಿಟ್ಟರೆ ಅಥವಾ ಒಮ್ಮೆಲೇ ತಿಳಿಗುಲಾಬಿ ನೀರು ಸುರಿದರೆ ಒಂದು ಗಂಟೆಯೂ ಕಾಯುವಂತಿಲ್ಲ.

ಇನ್ನು ಪಥ್ಯ. ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ತುಪ್ಪ ಕೊಡಲಿ. ಜೊತೆಗೆ ಬೇಳೆ, ಹಾಲು, ತಿನ್ನುವವರಿಗೆ ಮೊಟ್ಟೆಯೂ ಬೇಕು, ಗಾಯ ಕೂಡುವುದು ಪ್ರೋಟೀನಿನಿಂದ. ಕುಡಿಯುವ ನೀರನ್ನಂತೂ ಅಳೆದು ಕೊಡಬೇಡಿ. ನೀರು ಕಮ್ಮಿಯಾದರೆ ಮಲ ಗಟ್ಟಿಯಾಗುತ್ತದೆ. ತಿಣುಕಿದಷ್ಟೂ ಹೊಲಿಗೆ ಜಗ್ಗುತ್ತದೆ.